ಮೌನದ ನಂತರದ ಗಂಟಾನಾದ

ಪ್ರಶ್ನೆ: ಎಸ್ಟೋನಿಯಾದ ಸಂಯೋಜಕ ಆರ್ವೋ ಪಾರ್ಟ್ ಅವರು ಕೆಲವು ವರ್ಷ ಸಂಗೀತ ರಚಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿದ್ದರೆಂದು ಓದಿದ್ದೇನೆ. ಕಾರಣವೇನು? ಅವರ ಯಾವ ಕೃತಿಯನ್ನು ಮೊದಲು ಕೇಳಬೇಕು?

ಉತ್ತರ: 1935ರಲ್ಲಿ ಪೈಡೆ ಎಂಬ ಊರಿನಲ್ಲಿ ಹುಟ್ಟಿದ ಪಾರ್ಟ್, ಸೋವಿಯತ್ ಆಡಳಿತದ ಕಾಲದಲ್ಲಿ ಟಾಲಿನ್‌ನಲ್ಲಿ ಕಲಿತವರು. ಹನ್ನೆರಡು ಸ್ವರಗಳಿಗೂ ಸಮಾನ ಸ್ಥಾನ ಕೊಡುವ ‘ಹನ್ನೆರಡು ಸ್ವರಗಳ ಪದ್ಧತಿ’ಯ ಅವರ ರಚನೆ ಅಧಿಕಾರಿಗಳಿಗೆ ಹಿಡಿಸಲಿಲ್ಲ. 1968ರ ‘ಕ್ರೆಡೊ’ದಲ್ಲಿ ಕ್ರಿಸ್ತನಲ್ಲಿನ ನಂಬಿಕೆಯನ್ನು ನೇರವಾಗಿ ಸಾರಿದ್ದಂತೂ ಕೋಲಾಹಲವನ್ನೇ ಎಬ್ಬಿಸಿತು. ಆದರೆ ಮೌನಕ್ಕೆ ಅದೊಂದೇ ಕಾರಣವೆಂದರೆ ತಪ್ಪಾದೀತು. ತಮ್ಮ ಶೈಲಿಯೇ ತಮಗೆ ಸಾಲದೆನಿಸಿ, ಚರ್ಚಿನ ಪ್ರಾಚೀನ ಏಕಧ್ವನಿ ಹಾಡುಗಾರಿಕೆಯಾದ ಗ್ರೆಗೋರಿಯನ್ ಗಾಯನವನ್ನೂ ಮಧ್ಯಯುಗದ ಬಹುಧ್ವನಿ ಸಂಗೀತವನ್ನೂ ಮೊದಲಿನಿಂದ ಅಭ್ಯಸಿಸಿದ ಅವರು, 1976ರಲ್ಲಿ ‘ಫ್ಯೂರ್ ಅಲೀನಾ’ ಎಂಬ ಪುಟ್ಟ ಪಿಯಾನೊ ರಚನೆಯೊಂದಿಗೆ ಹೊಸ ದಾರಿ ಹಿಡಿದರು. ಈ ಮೌನದ ನಡುವೆ ಬಂದ 1971ರ ಮೂರನೆಯ ಸಿಂಫನಿ ಮುಖ್ಯ ಅಪವಾದ.

ಈ ಹೊಸ ಶೈಲಿಗೆ ಅವರಿಟ್ಟ ಹೆಸರು ‘ಟಿಂಟಿನಾಬುಲಿ’. ಕಿರುಗಂಟೆ ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದು. ಒಂದು ಧ್ವನಿ ಸ್ವರಶ್ರೇಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗಿದರೆ, ಜೊತೆಯ ಧ್ವನಿ ಒಂದೇ ತ್ರಿಸ್ವರದ (ಒಟ್ಟಿಗೆ ಹೊಂದುವ ಮೂರು ಸ್ವರಗಳ ಗುಂಪಿನ) ಸ್ವರಗಳಿಗೆ ಅಂಟಿಕೊಂಡಿರುತ್ತದೆ. ಕೇಳಲು ಸರಳ, ಒಳಗೆ ಕಟ್ಟುನಿಟ್ಟಿನ ಲೆಕ್ಕ.

ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಅವರ ಸ್ಮರಣೆಗಾಗಿ 1977ರಲ್ಲಿ ಬರೆದ ‘ಕ್ಯಾಂಟಸ್’ನಿಂದ ಆರಂಭಿಸಿ ಎಂಬುದು ನನ್ನ ಸಲಹೆ, ಹೆಚ್ಚು ಪ್ರಸಿದ್ಧವಾದ ‘ಸ್ಪೀಗೆಲ್ ಇಮ್ ಸ್ಪೀಗೆಲ್’ ಆಮೇಲೂ ಆದೀತು. ‘ಕ್ಯಾಂಟಸ್’ನಲ್ಲಿ ತಂತಿವಾದ್ಯಗಳ ಒಂದೊಂದು ಗುಂಪೂ ಹಿಂದಿನದರ ಅರ್ಧ ವೇಗದಲ್ಲಿ ಒಂದೇ ಸ್ವರಶ್ರೇಣಿಯನ್ನು ಇಳಿಯುತ್ತ ಬರುತ್ತದೆ. ಕೊನೆಯಲ್ಲಿ ಅವೆಲ್ಲ ಥಟ್ಟನೆ ನಿಂತಾಗ, ಅಷ್ಟರಲ್ಲೇ ಮೆಲ್ಲಗೆ ಬಾರಿಸಿದ್ದ ಗಂಟೆಯ ಅನುರಣನವಷ್ಟೇ ಕೇಳಿಸುತ್ತದೆ.