ಎರೆಹುಳುವಿನಂಥ ಫ್ಲೈ ಮನೆಯಲ್ಲೇ ಕಟ್ಟೋದು ಹೇಗೆ?

ಪ್ರಶ್ನೆ: ಚಿಕ್ಕಂದಿನಿಂದ ನಾಲೆಯಲ್ಲಿ ಎರೆಹುಳು ಚುಚ್ಚಿ ಮೀನು ಹಿಡಿದವನು ನಾನು. ಈಗ ಹುಳುವಿನ ಹಾಗೆ ಕಾಣುವ ಫ್ಲೈ (ಗಾಳಕ್ಕೆ ನೂಲು, ದಾರ ಕಟ್ಟಿ ಮಾಡುವ ನಕಲಿ ಹುಳು) ಕಟ್ಟೋಕೆ ಶುರು ಮಾಡಿದ್ದೇನೆ. ಗಾಳಕ್ಕೆ ಕೆಂಪು ಉಲನ್ ಸುತ್ತಿ ಕಟ್ಟುತ್ತೇನೆ. ನಾಲ್ಕು ಸಲ ಎಸೆಯುವಷ್ಟರಲ್ಲಿ ಅದು ಗಾಳದ ಸುತ್ತ ಗಿರ್ರನೆ ತಿರುಗುತ್ತದೆ. ಮೀನೂ ಮುಟ್ಟುತ್ತಿಲ್ಲ. ಎಲ್ಲಿ ತಪ್ಪಾಗಿದೆ? (ಮಂಡ್ಯದ ಓದುಗರು)

ಉತ್ತರ: "ಸುತ್ತಿ ಕಟ್ಟುತ್ತೇನೆ" ಅಂದಿರಲ್ಲ, ತಪ್ಪು ಅಲ್ಲೇ ಇದೆ. ಹುಳುವನ್ನು ಗಾಳಕ್ಕೆ ಸುತ್ತಬಾರದು. ಗಾಳದ ಬೆನ್ನ ಮೇಲೆ ಉದ್ದಕ್ಕೆ ಮಲಗಿಸಿ ಎರಡು ಕಡೆ ಮಾತ್ರ ಕಟ್ಟಬೇಕು. ತಲೆ, ಬಾಲ ಎರಡೂ ಗಾಳದಿಂದ ಆಚೆ ಮುಕ್ಕಾಲು ಅಂಗುಲದಷ್ಟು ಸಡಿಲವಾಗಿರಬೇಕು. ನೀರಿನ ಎಳೆತಕ್ಕೆ ಆ ತುದಿಗಳು ಆಡುತ್ತವೆ. ಮೀನು ನೋಡೋದು ಆ ಆಟವನ್ನೇ. ಸುತ್ತಿದ ಉಲನ್ ಎಷ್ಟೇ ಕೆಂಪಗಿದ್ದರೂ ನೀರಲ್ಲಿ ಒಂದು ಉಂಡೆ, ಅಷ್ಟೇ.

ಹೀಗೆ ಮಲಗಿಸಿ ಕಟ್ಟಿದ ಹುಳುವಿಗೆ ಸ್ಯಾನ್ ವಾನ್ ವರ್ಮ್ ಅಂತ ಹೆಸರು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನವಾಹೊ ಅಣೆಕಟ್ಟೆಯ ಕೆಳಗೆ ಹರಿಯುವ ನದಿ ಸ್ಯಾನ್ ವಾನ್. ಅಲ್ಲಿನ ತಳದ ಕೆಸರಿನಲ್ಲಿರುವ ಹುಳುಗಳನ್ನು ಟ್ರೌಟ್ ಮೀನು ತಿನ್ನುತ್ತದೆ. ಆ ಹುಳುವಿನ ಹಾಗೆ ಕಾಣಲಿ ಅಂತ ಕಟ್ಟಿದ ಫ್ಲೈ ಇದು. ನಮ್ಮ ನಾಲೆಗಳಲ್ಲಿ ಟ್ರೌಟ್ ಇಲ್ಲ. ಆದರೆ ಮಳೆ ಬಿದ್ದಾಗ ಗದ್ದೆಯ ಹುಳು ಕೊಚ್ಚಿಕೊಂಡು ನಾಲೆಗೆ ಬರುತ್ತದೆ, ಗೆಂಡೆ ಅದಕ್ಕೇ ಕಾಯುತ್ತದೆ. ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಈಗ ಕಟ್ಟೋಣ. ಗಾಳ 10 ಅಥವಾ 12ನೇ ನಂಬರಿನದು ಸಾಕು. ನಂಬರ್ ಜಾಸ್ತಿಯಾದಷ್ಟೂ ಗಾಳ ಚಿಕ್ಕದು ಅನ್ನೋದು ನೆನಪಿರಲಿ. ಗಾಳ ಹಿಡಿಯಲು ವೈಸ್ ಇಲ್ಲದಿದ್ದರೆ ಕಟಿಂಗ್ ಪ್ಲೇಯರ್‌ನ ಬಾಯಲ್ಲಿ ಗಾಳದ ಬಾಗು ಕಚ್ಚಿಸಿ, ಹಿಡಿಗೆ ರಬ್ಬರ್ ಬ್ಯಾಂಡ್ ಬಿಗಿದುಬಿಡಿ. ಗಾಳ ಅಲ್ಲಾಡಲ್ಲ. ಹೇಗೂ ಪ್ಲೇಯರ್ ಕೈಯಲ್ಲಿದೆ, ಮೊದಲು ಗಾಳದ ತುದಿಯ ಎದುರುಮುಳ್ಳನ್ನು ಒತ್ತಿ ಮಟ್ಟ ಮಾಡಿ. ಬಿಡಬೇಕಾದ ಮೀನನ್ನು ಬಾಯಿ ಹರಿಯದ ಹಾಗೆ ಬಿಡಬಹುದು, ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ.

ಹುಳು ತಿರುಗೋದಕ್ಕೆ ಕಾರಣ ಬರಿಯ ಉಕ್ಕು. ನುಣ್ಣಗಿನ ಕಡ್ಡಿಯ ಮೇಲೆ ಯಾವ ನೂಲೂ ನಿಲ್ಲಲ್ಲ. ಅದಕ್ಕೆ ಮೊದಲು ದಾರದ ಹಾಸು ಹಾಕಬೇಕು. ಗಾಳದ ಕಣ್ಣಿನ ಹಿಂದಿನಿಂದ ಶುರು ಮಾಡಿ ಬಾಗಿನ ತನಕ, ಒಂದರ ಪಕ್ಕ ಒಂದು ಸುತ್ತು ಬರುವ ಹಾಗೆ ಬಿಗಿಯಾಗಿ ಸುತ್ತಿ. ಬಟ್ಟೆ ಹೊಲಿಯುವ ದಾರ ದಪ್ಪವಾಗುತ್ತದೆ. ಕಸೂತಿ ಮಷೀನಿನ ತೆಳ್ಳಗಿನ ದಾರವೋ ರೇಷ್ಮೆ ದಾರವೋ ತಗೊಳ್ಳಿ. ಸ್ವಲ್ಪ ಜೇನುಮೇಣ ಉಜ್ಜಿದರೆ ಜಾರಲ್ಲ. (ರೇಷ್ಮೆಗೂ ಗಾಳಕ್ಕೂ ಹಳೇ ನಂಟು. ನೈಲಾನ್ ಬರುವ ಮೊದಲು ಫ್ಲೈಗೆ ಕಟ್ಟುತ್ತಿದ್ದ ತುದಿ ದಾರವನ್ನು ರೇಷ್ಮೆಹುಳುವಿನ ಹೊಟ್ಟೆಯೊಳಗಿನ ರೇಷ್ಮೆ ಗ್ರಂಥಿಯನ್ನೇ ಎಳೆದು ಮಾಡುತ್ತಿದ್ದರು. ರೇಷ್ಮೆ ಬೆಳೆಯುವ ನಮ್ಮ ಊರುಗಳಲ್ಲಿ ಇದು ಎಷ್ಟು ಜನಕ್ಕೆ ಗೊತ್ತೋ!)

ಹಾಸಿನ ಮೇಲೆ ತೆಳು ತಾಮ್ರದ ತಂತಿ ಏಳೆಂಟು ಸುತ್ತು ಹಾಕಿ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಕೇಳಿದರೆ ತುಂಡು ತಂತಿ ಸುಮ್ನೆ ಕೊಡುತ್ತಾರೆ. ಈ ತೂಕ ತುಂಬ ಮುಖ್ಯ. ಹುಳು ತಳಕ್ಕೆ ಮುಳುಗಬೇಕು. ನೀರಿನ ನಡುವೆ ತೇಲುವ ಹುಳು ಗೆಂಡೆಯ ದಾರಿಗೇ ಸಿಗಲ್ಲ.

ಇನ್ನು ಮೈ. ಉಲನ್ ಬಿಡಿ, ಅದು ನೀರು ಕುಡಿದು ಜೋತು ಬೀಳುತ್ತದೆ. ಮಕಮಲ್ಲಿನಂತೆ ನವಿರಾದ ಚೆನಿಲ್ ನೂಲು ಬೇಕು, ಎರಡು ಮಿಲಿಮೀಟರಿಗಿಂತ ದಪ್ಪ ಬೇಡ. ಹೆಣಿಗೆಗೆ ಮಾರುವ ಚೆನಿಲ್ ಇದಕ್ಕಿಂತ ತುಂಬ ದಪ್ಪ, ಮೋಸ ಹೋಗಬೇಡಿ. ಎರಡೂವರೆ ಅಂಗುಲ ಕತ್ತರಿಸಿ. ಬಾಗಿನ ಹತ್ತಿರ ಬಾಲ ಬಿಟ್ಟು ಐದಾರು ಸುತ್ತು ಬಿಗಿಯಿರಿ. ಚೆನಿಲ್ ಎತ್ತಿ ಹಿಡಿದು ದಾರವನ್ನು ಅದರ ಕೆಳಗಿನಿಂದ ಕಣ್ಣಿನ ತನಕ ತನ್ನಿ. ಮತ್ತೆ ಚೆನಿಲ್ ಮಲಗಿಸಿ ಅಲ್ಲೊಂದು ಐದಾರು ಸುತ್ತು. ಗಾಳದ ಕಣ್ಣು ಮುಚ್ಚಬಾರದು. ಮೂರು ಗಂಟು, ಒಂದು ಹನಿ ಉಗುರು ಬಣ್ಣ, ಆಯಿತು.

ಕೊನೆಗೆ ಎರಡೂ ತುದಿಗಳನ್ನು ಲೈಟರ್ ಉರಿಯ ಪಕ್ಕಕ್ಕೆ ಹಿಡಿಯಿರಿ, ಉರಿಯೊಳಗೆ ಅಲ್ಲ. ಎಳೆ ಕರಗಿ ತುದಿ ಚೂಪಾಗುತ್ತದೆ, ಬಿಚ್ಚಿಕೊಳ್ಳೋದೂ ನಿಲ್ಲುತ್ತದೆ. ನೂಲು ಹತ್ತಿಯದಾಗಿದ್ದರೆ ಕರಗಲ್ಲ, ಬೂದಿಯಾಗುತ್ತದೆ. ಅದಕ್ಕೇ ಕಟ್ಟುವ ಮೊದಲೇ ಒಂದು ತುಂಡು ಸುಟ್ಟು ನೋಡಿ.

ಪ್ರಶ್ನೆ: ರಬ್ಬರಿನಂತೆ ಹಿಗ್ಗುವ ಮೆತ್ತನೆಯ ಎಳೆಯಿಂದ ಹುಳು ಕಟ್ಟಿದ್ದೆ. ಗಂಟಿನ ಹತ್ತಿರವೇ ತುಂಡಾಯಿತು. ಸೂಪರ್ ಗ್ಲೂ ಹಾಕಿದರೂ ನಿಲ್ಲಲಿಲ್ಲ. (ಮೈಸೂರಿನ ಓದುಗರು)

ಉತ್ತರ: ಸೂಪರ್ ಗ್ಲೂ ಹಾಕಿದ್ದರಿಂದಲೇ ಇನ್ನೂ ಕೆಟ್ಟಿತು. ಆ ಮೆತ್ತನೆಯ ವಸ್ತುವನ್ನು ಅಂಟು ಕರಗಿಸುತ್ತದೆ. ತೆಳು ದಾರ ಬಿಗಿದರೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಚಪ್ಪಟೆಯಾಗಿ ಹರಡುವ ದಾರದಲ್ಲಿ ಮೊದಲ ಎರಡು ಸುತ್ತು ಸಡಿಲವಾಗಿ ಹಾಕಿ, ಆಮೇಲೆ ನಿಧಾನಕ್ಕೆ ಬಿಗಿಯಿರಿ. ಬೇರೆ ಫ್ಲೈಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ, ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ. ಆಟ ಚೆನ್ನಾಗಿದೆ, ನಿಜ. ಆದರೂ ಹೊಸಬರಿಗೆ ಚೆನಿಲ್ಲೇ ಸರಿ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಫ್ಲೈ ರಾಡ್ ಇಲ್ಲ, ಬಿದಿರಿನ ಕೋಲಿದೆ. ಆಗುತ್ತಾ? ಎಲ್ಲಿ, ಯಾವ ಮೀನಿಗೆ ಹಾಕಲಿ? (ಶ್ರೀರಂಗಪಟ್ಟಣದ ಓದುಗರು)

ಉತ್ತರ: ಖಂಡಿತ ಆಗುತ್ತದೆ. ಕೋಲಿನಷ್ಟೇ ಉದ್ದದ ತಂಗೂಸಿ ಕಟ್ಟಿ, ಹುಳುವಿಗಿಂತ ಒಂದು ಗೇಣು ಮೇಲೆ ಸಣ್ಣ ಸೀಸದ ಗುಂಡು, ಅದರ ಮೇಲೆ ಬೆಂಡು. ಹರಿವು ಬರುವ ಕಡೆಗೆ ಎಸೆದು ಹರಿವಿನ ಜೊತೆಗೇ ಬರಲು ಬಿಡಿ, ನೀವಾಗಿ ಎಳೆಯಬೇಡಿ. ನಿಜವಾದ ಹುಳು ಹರಿವಿನ ವಿರುದ್ಧ ಈಜಲ್ಲ. ಬೆಂಡು ಸ್ವಲ್ಪ ತಡೆದು ನಿಂತರೂ ಸಾಕು, ತಕ್ಷಣ ಎತ್ತಿ. ಎರೆಹುಳುವಾದರೆ ಮೀನು ರುಚಿ ನೋಡುತ್ತಾ ಇರುತ್ತದೆ, ನೂಲನ್ನು ಒಂದೇ ಕ್ಷಣಕ್ಕೆ ಉಗುಳುತ್ತದೆ. ಹುಳು ಚುಚ್ಚಿ ಅಭ್ಯಾಸ ಇದ್ದವರು ತಪ್ಪುವುದು ಇಲ್ಲೇ.

ತಳದಲ್ಲಿ ಮೇಯುವ ಸಾಮಾನ್ಯ ಗೆಂಡೆ, ಜಿಲೇಬಿ ಮೀನು (ತಿಲಾಪಿಯಾ) ಇದಕ್ಕೆ ಬರುತ್ತವೆ. ಕಾಟ್ಲಾ ಮೇಲ್ಪದರದಲ್ಲಿ ಮೇಯುವ ಮೀನು, ಅದಕ್ಕೆ ಕಾಯಬೇಡಿ. ಮೀಸೆಯ ಮೀನುಗಳು ಹೆಚ್ಚಾಗಿ ವಾಸನೆ ಹಿಡಿದು ಬರೋದು, ನೂಲಿಗೆ ವಾಸನೆ ಎಲ್ಲಿಂದ ಬರಬೇಕು? ನೀರು ಕೆಂಪಗಿದ್ದಾಗ ಕಡುಗೆಂಪು ಅಥವಾ ಗುಲಾಬಿ ಹುಳು, ತಿಳಿಯಾದಾಗ ಕಂದು.

ಜಾಗದ ವಿಷಯದಲ್ಲಿ ಹುಷಾರು. ರಂಗನತಿಟ್ಟು ಪಕ್ಷಿಧಾಮ, ಮುತ್ತತ್ತಿ, ಭೀಮೇಶ್ವರಿ ಕಡೆಯ ಕಾವೇರಿ ವನ್ಯಧಾಮ, ಇಲ್ಲೆಲ್ಲ ಗಾಳ ಹಾಕಬೇಡಿ. ಕೆರೆಗಳು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತವೆ, ಅವರನ್ನು ಕೇಳಿಯೇ ಕೂರಿ. ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಹೊಳೆಯ ಬಂಡೆ ಮೇಲೆ ಒಂದು ನಿಮಿಷವೂ ನಿಲ್ಲಬೇಡಿ. ಅಪ್ಪಿತಪ್ಪಿ ಮಹಶೀರ್ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ ಬಿಟ್ಟುಬಿಡಿ. ಕಿತ್ತಳೆ ರೆಕ್ಕೆಯ, ಗೂನು ಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅಳಿವಿನ ಅಂಚಿನಲ್ಲಿದೆ.

ಕತ್ತರಿಸಿದ ತಂಗೂಸಿಯ ಒಂದು ತುಂಡನ್ನೂ ದಡದಲ್ಲಿ ಬಿಡಬೇಡಿ, ಜೇಬಿಗೆ ಹಾಕಿಕೊಳ್ಳಿ. ರಂಗನತಿಟ್ಟಿನ, ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಮೇಯಲು ಬರೋದು ನಾವು ಕೂತು ಎದ್ದ ಇದೇ ನೀರಿಗೆ. ಕಾಲಿಗೆ ಒಮ್ಮೆ ಸುತ್ತಿಕೊಂಡರೆ ಆ ಹಕ್ಕಿ ಅದನ್ನು ಬಿಡಿಸಿಕೊಳ್ಳಲಾರದು.