ಒಂದೇ ಒಂದು ಬಿಯರ್‌ಗೂ ಫೈನಾ?

ಹಾಸನದಿಂದ ಬರೆದ ಓದುಗರೇ, ನಿಮ್ಮ ಪತ್ರ ಓದಿದೆ. ನಾನು ವಿಸ್ಕಿ, ರಮ್‌ನಂಥ ಹಾಟ್ ಮುಟ್ಟಲ್ಲ, ಶನಿವಾರ ಒಂದೇ ಒಂದು ಸ್ಟ್ರಾಂಗ್ ಬಿಯರ್ ಕುಡಿದು ಬೈಕಲ್ಲಿ ನಲವತ್ತರ ಸ್ಪೀಡಲ್ಲಿ ರೋಡಿನ ಎಡಕ್ಕೇ ಹೋಗ್ತೀನಿ, ಅದಕ್ಕೂ ಪೊಲೀಸರು ಮೆಷಿನ್‌ಗೆ ಊದಿಸಿ 10,000 ರೂಪಾಯಿ ಫೈನ್ ಕಟ್ಟಿಸಿದ್ರು, ಇದು ವಸೂಲಿ ಅಲ್ದೆ ಮತ್ತೇನು ಅಂತ ಕೇಳಿದ್ದೀರಿ. ಸಿಟ್ಟು ಬರೋದು ಸಹಜ, ಆದ್ರೆ ನಿಮ್ಮ ಲೆಕ್ಕಾನೇ ಸರಿಯಿಲ್ಲ ಸಾರ್.

ಬಾಟ್ಲಿ ತಿರುಗಿಸಿ ಲೇಬಲ್ ನೋಡಿ. 650 ಎಂಎಲ್, ಸ್ಟ್ರಾಂಗ್ ಅಂದ್ರೆ 8 ಪರ್ಸೆಂಟ್‌ವರೆಗೂ ಇರತ್ತೆ, ಅಂದ್ರೆ ಸುಮಾರು 40 ಗ್ರಾಂ ಆಲ್ಕೋಹಾಲ್. 30 ಎಂಎಲ್ ವಿಸ್ಕಿ ಪೆಗ್ಗಲ್ಲಿರೋದು ಹತ್ತೇ ಗ್ರಾಂ. ಹಾಟ್ ಮುಟ್ಟಲ್ಲ ಅನ್ನೋ ನೀವು ಪಕ್ಕದ ಟೇಬಲ್ಲಲ್ಲಿ ನೈಂಟಿ, ಅಂದ್ರೆ ಮೂರು ಪೆಗ್, ಹಾಕ್ತಿರೋನಿಗಿಂತ ಜಾಸ್ತಿನೇ ಕುಡಿದಿರ್ತೀರಿ! ಕಾನೂನಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ದಾಟಬಾರದು, ಅರವತ್ತೈದು ಕೆಜಿ ಆಳು ಖಾಲಿ ಹೊಟ್ಟೇಲಿ ಒಂದು ಬಾಟ್ಲಿ ಬೇಗ ಮುಗಿಸಿದ್ರೆ ಎಪ್ಪತ್ತರ ಆಸುಪಾಸಿಗೆ ಹೋಗಿಬಿಡತ್ತೆ.

ಕೈ ನಡುಗಲ್ಲ ಅಂತೀರಿ. ನಡುಗಲ್ಲ, ನಿಜ. ಆದ್ರೆ ನಾನು ಸರಿಯಾಗೇ ಇದ್ದೀನಿ ಅಂತ ತೀರ್ಮಾನ ಮಾಡೋ ಮೆದುಳಿಗೇ ಮೊದ್ಲು ಏರಿರತ್ತೆ, ಅದರ ಸಾಕ್ಷಿ ನಂಬೋದು ಹೇಗೆ? ನಲವತ್ತರ ಸ್ಪೀಡಲ್ಲಿ ಬೈಕ್ ಸೆಕೆಂಡಿಗೆ 11 ಮೀಟರ್ ಓಡತ್ತೆ, ಬ್ರೇಕ್ ಹಿಡಿಯೋದು ಅರ್ಧ ಸೆಕೆಂಡ್ ತಡ ಆದ್ರೆ ಐದೂವರೆ ಮೀಟರ್ ಹೋಯ್ತು, ಮುಂದೆ ಹಿಂದಿನ ಲೈಟೇ ಇಲ್ದಿರೋ ಟ್ರ್ಯಾಕ್ಟರ್ ಟ್ರೈಲರ್ ನಿಂತಿದ್ರೆ ಅಷ್ಟು ಸಾಕು.

ವಸೂಲಿ ಅನ್ನೋ ಮಾತನ್ನ ಪೂರ್ತಿ ತಳ್ಳಿಹಾಕಲ್ಲ. ಬಾರ್‌ಗೆ ಲೈಸೆನ್ಸ್ ಕೊಡೋದೂ ಸರ್ಕಾರವೇ, ಹೊತ್ತು ಮೀರಿದ್ಮೇಲೆ ಹಳ್ಳಿ ಕಡೆ ಬಸ್ ಬಿಡದೇ ಇರೋದೂ ಸರ್ಕಾರವೇ. ಅದರ ಬಗ್ಗೆ ಜಗಳ ಆಡೋಣ, ನಾನೂ ಬರ್ತೀನಿ. ಆದ್ರೆ ಎರಡನೇ ಸಲ ಸಿಕ್ಕಿದ್ರೆ 15,000 ಫೈನ್, ಇಲ್ಲಾ ಎರಡು ವರ್ಷದವರೆಗೆ ಜೈಲು, ಎರಡೂ ಆದ್ರೂ ಆಗಬಹುದು. ಇನ್ಶೂರೆನ್ಸ್ ಇದೆಯಲ್ಲ ಅಂದಿದ್ದೀರಿ, ಕುಡಿದು ಬಿದ್ದಿದ್ದು ಅಂತ ಗೊತ್ತಾದ್ರೆ ನಿಮ್ಮ ಗಾಡಿ ರಿಪೇರಿಗೆ ಕಂಪನಿ ಕೈ ಎತ್ತತ್ತೆ.

ಕೊನೇಲಿ ಮಜ್ಜಿಗೆ, ನಿಂಬೆಹಣ್ಣು ತಗೊಂಡ್ರೆ ಇಳಿಯತ್ತಾ ಅಂತ ಕೇಳಿದ್ದೀರಿ. ಯಾವ್ದೂ ಕೆಲ್ಸ ಮಾಡಲ್ಲ, ಕಾಫಿನೂ ಅಷ್ಟೇ. ಏಲಕ್ಕಿ ಅಗಿದ್ರೆ ವಾಸನೆ ಮುಚ್ಚಬಹುದು, ಮೆಷಿನ್ ಅಳೆಯೋದು ಶ್ವಾಸಕೋಶದಿಂದ ಬರೋ ಗಾಳಿನ. ಲಿವರ್ ಗಂಟೆಗೆ 100 ಎಂಎಲ್ ರಕ್ತದಲ್ಲಿ ಹದಿನೈದು ಇಪ್ಪತ್ತು ಮಿಲಿಗ್ರಾಂ ಇಳಿಸತ್ತೆ ಅಷ್ಟೇ, ಅದನ್ನ ಅವಸರ ಮಾಡೋಕಾಗಲ್ಲ. ಶನಿವಾರ ಹೋಗ್ಲೇಬೇಕು ಅಂದ್ರೆ ಬೈಕ್ ಮನೇಲೇ ಬಿಟ್ಟು ಆಟೋದಲ್ಲಿ ಹೋಗಿ, ವಾಪಸ್ ಬರೋಕೂ ಅವನ ನಂಬರ್ ಇಟ್ಕೊಳ್ಳಿ.