ಕಲಬುರಗಿಯಲ್ಲಿ ದೊಡ್ಡವರಿಗಾಗಿ ನಡೆಸೋ ಉಪನ್ಯಾಸ ಮಾಲಿಕೆಗೆ ಮಾತಾಡುವವರನ್ನು ಎಲ್ಲಿ ಹುಡುಕೋದು?

ಬಡಾವಣೆಯ ವಾಚನಾಲಯದಲ್ಲಿ ತಿಂಗಳಿಗೊಮ್ಮೆ ದೊಡ್ಡವರಿಗಾಗಿ ಉಪನ್ಯಾಸ ಇಡಬೇಕಂತೀರಿ, ಕೈಯಲ್ಲಿ ದುಡ್ಡು ಕಮ್ಮಿ, ಹೆಸರಾದವರು ಫೋನ್ ಎತ್ತುತ್ತಿಲ್ಲ, ಏನು ಮಾಡೋದು ಅಂತ ಕೇಳೀರಿ. ಕಲಬುರಗಿಯಲ್ಲೇ ಇಂಥದ್ದೊಂದು ಬಳಗದಲ್ಲಿ ಉಪನ್ಯಾಸಕರನ್ನು ಗೊತ್ತು ಮಾಡೋ ಕೆಲಸ ಕೆಲ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ನನಗೆ ತಿಳಿದಷ್ಟು ಹೇಳ್ತೀನಿ.

ಹೆಸರಾದವರನ್ನು ಸದ್ಯ ಬಿಟ್ಟುಬಿಡ್ರಿ. ಅವರು ಬಂದರೂ ಬೇರೆ ಊರಲ್ಲಿ ಮಾಡಿದ ಭಾಷಣವನ್ನೇ ಮಾಡಿ, ರೈಲು ಹಿಡಿದು ಹೋಗ್ತಾರೆ. ನಿಮ್ಮ ಓಣಿಯ ಜನ ಕಟ್ಟೆ ಮೇಲೆ ಕೂತು ಯಾವ ವಿಷಯಕ್ಕೆ ವಾದ ಮಾಡ್ತಾರೋ ಅದನ್ನು ಮೊದಲು ಹಿಡೀರಿ. ಆಮೇಲೆ ಆ ವಿಷಯದಲ್ಲಿ ದಿನಾ ಕೈಯಾಡಿಸೋರು ಯಾರು ಅಂತ ಹುಡುಕ್ರಿ.

ನಮ್ಮಲ್ಲಿ ಹೆಚ್ಚು ಜನ ಸೇರಿದ್ದು ಹೆಣ್ಣುಮಕ್ಕಳ ಆಸ್ತಿ ಪಾಲಿನ ಬಗ್ಗೆ ಮಾತಿಟ್ಟಾಗ. ಮಾತಾಡಿದಾಕೆ ಇನ್ನೂ ಸಣ್ಣ ವಯಸ್ಸಿನ ವಕೀಲೆ. ಪೀಠಿಕೆ ಶುರುವಾಗೋದರೊಳಗೇ ಹಿಂದಿನ ಸಾಲಿನಿಂದ ಒಬ್ಬ ಆಯಿ ಎದ್ದು, ಸೆರಗಿನ ಗಂಟಿನಿಂದ ಮಡಿಚಿ ಮಡಿಚಿ ಸವೆದ ಪಹಣಿ ತೆಗೆದು, "ಯವ್ವಾ, ನಮ್ಮಪ್ಪ ಸತ್ತು ಭಾಳ ವರ್ಷ ಆಯ್ತು. ನಿನಗೇನೂ ಬರಂಗಿಲ್ಲ ಅಂತ ತಮ್ಮ ಅಂತಾನ. ಖರೇ ಏನ?" ಅಂದಳು. ವಕೀಲೆ ತಂದಿದ್ದ ಟಿಪ್ಪಣಿ ಅಲ್ಲೇ ಬದಿಗಿಟ್ಟಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು; ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಹೋಗೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ; ಆದರೆ 2004ರ ಡಿಸೆಂಬರ್ 20ಕ್ಕಿಂತ ಮುಂಚೆಯೇ ರಿಜಿಸ್ಟರ್ ಆದ ಪಾಲುಪತ್ರ ಇದ್ದರೆ ಮಾತು ಬೇರೆ. ಇಷ್ಟನ್ನು ಆ ಪಹಣಿ ಹಿಡಿದುಕೊಂಡೇ ವಿವರಿಸಿದಳು. ಕೊನೆಗೆ, ಇಷ್ಟು ಶತಮಾನ ಕುಟುಂಬದ ಆಸ್ತಿಗೆ ಆಧಾರವಾದ ಮಿತಾಕ್ಷರ ಅನ್ನೋ ಧರ್ಮಶಾಸ್ತ್ರ ಗ್ರಂಥವನ್ನು ಬರೆದದ್ದು ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ, ಆತ ಇಲ್ಲೇ ಕಲಬುರಗಿ ಹತ್ತಿರದ ನಮ್ಮ ಮರತೂರಿನವನೇ ಅಂತಾರೆ ಅಂದಾಗ ಎಲ್ಲರೂ ನಕ್ಕರು. "ಹಂಗಾರ ಈ ಜಗಳ ಹಚ್ಚಿದವ ನಮ್ಮೂರವನೇ ಬಿಡ್ರಿ" ಅಂತ ಒಬ್ಬ ಮುತ್ಯಾ ಅಂದ.

ಇಂಥ ವಕೀಲರು ಸಿಗೋದು ಕಷ್ಟವಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡ್ರಿ. 1987ರ ಕಾಯ್ದೆ ಪ್ರಕಾರ ಕಾನೂನು ಅರಿವು ಮೂಡಿಸೋದೂ ಅವರ ಕೆಲಸವೇ, ಫೀಸಿಲ್ಲ. ಅರ್ಜಿಯಲ್ಲಿ "ಕಾನೂನು ಅರಿವು" ಅಂತಷ್ಟೇ ಬರೀಬೇಡ್ರಿ, ಎಲ್ಲ ಕಾಯ್ದೆಗಳ ಹೆಸರು ಓದಿ ಮುಗಿಸಿಬಿಡ್ತಾರೆ. ಬೇಕಾದ ಪ್ರಶ್ನೆಯನ್ನೇ ಬರೀರಿ.

ತೊಗರಿ ಬೆಳೆಯ ವಿಷಯಕ್ಕೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೀರಿ. ನಗರದಲ್ಲಿ ಯಾರು ಕೇಳ್ತಾರೆ ಅನ್ನಬೇಡ್ರಿ, ನಿಮ್ಮ ಬಡಾವಣೆಯಲ್ಲಿ ಅರ್ಧ ಮಂದಿಗೆ ಊರಲ್ಲಿ ಹೊಲ ಇದ್ದೇ ಇರ್ತದ. ನಮ್ಮಲ್ಲಿಗೆ ಬಂದ ವಿಜ್ಞಾನಿ ನೆಟೆ ರೋಗ ಬಂದು ಒಣಗಿದ ತೊಗರಿ ಗಿಡವನ್ನೇ ಬೇರು ಸಮೇತ ಕಿತ್ತು ತಂದಿದ್ದರು. ಕಾಂಡವನ್ನು ಚಾಕುವಿನಿಂದ ಉದ್ದಕ್ಕೆ ಸೀಳಿ ಒಳಗಿನ ಕಂದು ಗೆರೆ ತೋರಿಸಿ ಕೈಯಿಂದ ಕೈಗೆ ಕೊಟ್ಟರು. ಶಿಲೀಂಧ್ರ ನೀರಿನ ದಾರಿಯನ್ನೇ ಕಟ್ಟಿಬಿಡ್ತದೆ, ವರ್ಷಗಟ್ಟಲೆ ಮಣ್ಣಲ್ಲೇ ಉಳೀತದೆ, ಅದಕ್ಕೇ ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿ ಬಿತ್ತಬಾರದು ಅನ್ನೋದು ಆ ಕಾಂಡ ನೋಡಿದವರಿಗೆ ಬೇರೆ ಹೇಳಬೇಕಾಗಿರಲಿಲ್ಲ. ಸ್ಲೈಡು ಬೇಕಾಗಲಿಲ್ಲ. ಕರೆಂಟೂ ಇರಲಿಲ್ಲ ಬಿಡ್ರಿ.

ಸಕ್ಕರೆ ಕಾಯಿಲೆ, ಬಿಪಿಗೆ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗ ಕೇಳ್ರಿ, ದೊಡ್ಡ ಸ್ಪೆಷಲಿಸ್ಟ್ ಬೇಡ. ಆನ್‌ಲೈನ್ ಮೋಸಕ್ಕೆ ಬ್ಯಾಂಕಿನ ಆರ್ಥಿಕ ಸಾಕ್ಷರತಾ ಕೇಂದ್ರದವರು ಸಾಕು. 1930 ಸೈಬರ್ ಸಹಾಯವಾಣಿಗೆ ಹೇಗೆ ದೂರು ಕೊಡೋದು ಅಂತ ಅವರಿಂದಲೇ ಹೇಳಿಸ್ರಿ.

ಇತಿಹಾಸಕ್ಕೆ ಬಂದರೆ ಎಚ್ಚರ. ಪ್ರಬಂಧ ಓದೋರು ಬಂದರೆ ಬಹಮನಿ ಸುಲ್ತಾನರ ಪಟ್ಟಿ ಮುಗಿಯೋದರೊಳಗೆ ಕುರ್ಚಿ ಖಾಲಿ. ಅದರ ಬದಲು ಜನರನ್ನೇ ಕೋಟೆಗೆ ಕರಕೊಂಡು ಹೋಗ್ರಿ. ಅಲ್ಲಿರೋ 1367ರ ಜಾಮಿ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಮೇಲೆ ಚಾವಣಿ. ಯಾಕೆ ಹೀಗೆ ಅಂತ ಜನ ತಾವೇ ಕೇಳ್ತಾರೆ. ಇದಕ್ಕೆ ನನ್ನ ಆಯ್ಕೆ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು. ದಿನಾ ಪಾಠ ಮಾಡಿ ನಾಲಿಗೆ ಪಳಗಿರ್ತದೆ, ಓದೂ ಬಿಟ್ಟಿರೋದಿಲ್ಲ. ಕನ್ನಡದ ನಡುವೆ ನಾಕು ಮಾತು ನಮ್ಮ ಕಡೆಯ ದಖನಿ ಉರ್ದುವಿನಲ್ಲೂ ಆಡೋರು ಸಿಕ್ಕರೆ ನಮ್ಮೂರಲ್ಲಿ ಅವರೇ ರಾಜರು.

ಆದರೆ ಅವರನ್ನು ಪುಕ್ಕಟೆ ಕರೀಬೇಡ್ರಿ. ವರ್ಷದಲ್ಲಿ ಕೆಲವು ತಿಂಗಳು ಸಂಬಳವೇ ಇಲ್ಲದ ಕೆಲಸ ಅದು. ಸರ್ಕಾರಿ ಸಂಬಳದಾರರು ದುಡ್ಡು ಬೇಡ ಅಂದಾರು, ಇವರು ಸಂಕೋಚಕ್ಕೆ ಕೇಳೋದಿಲ್ಲ. ದುಡ್ಡಿಲ್ಲ ಅಂತೀರಲ್ಲ, ಶಾಲು, ಹಾರ, ನೆನಪಿನ ಕಾಣಿಕೆ, ಫ್ಲೆಕ್ಸು ಇವುಗಳ ಖರ್ಚು ಒಮ್ಮೆ ಕೂಡಿಸಿ ನೋಡ್ರಿ. ಅಷ್ಟನ್ನೂ ಲಕೋಟೆಯಲ್ಲಿ ಹಾಕಿ ಕೊಟ್ಟರೆ ಗೌರವಧನ ಆಯ್ತು. ಎಷ್ಟು ಅನ್ನೋದನ್ನು ಕರೆಯುವಾಗಲೇ ಹೇಳಿಬಿಡ್ರಿ.

ಶಾಲಿನ ಜೊತೆ ವೇದಿಕೆಯನ್ನೂ ಇಳಿಸ್ರಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಅಧ್ಯಕ್ಷರ ನುಡಿ, ಆಮೇಲೆ ತಡವಾಗಿ ಬಂದ ಮಾಜಿ ಸದಸ್ಯರಿಗೆ ಸನ್ಮಾನ. ಇಷ್ಟಾಗೋ ಹೊತ್ತಿಗೆ ಉಪನ್ಯಾಸಕರು ವಾಚು ನೋಡಿಕೊಳ್ತಿರ್ತಾರೆ, ಹೆಣ್ಣುಮಕ್ಕಳು ರೊಟ್ಟಿ ಬಡಿಯೋಕೆ ಎದ್ದಿರ್ತಾರೆ. ಎರಡು ಮಾತಿನ ಪರಿಚಯ, ನಂತರ ಉಪನ್ಯಾಸ. ಮಾತಾಡಿದಷ್ಟೇ ಹೊತ್ತು ಪ್ರಶ್ನೆಗೂ ಇಡ್ರಿ. ಹಿಂದಿನ ವಾರವೇ ಓಣಿಯವರಿಂದ ಚೀಟಿಯಲ್ಲಿ ಪ್ರಶ್ನೆ ಬರೆಸಿ, ಬರೆಯಲು ಬಾರದವರದ್ದನ್ನು ನೀವೇ ಬರೆದುಕೊಂಡು, ಉಪನ್ಯಾಸಕರಿಗೆ ಮುಂಚೆಯೇ ವಾಟ್ಸಾಪ್ ಮಾಡಿದರೆ ಅವರ ತಯಾರಿಯ ದಿಕ್ಕೇ ಬೇರೆಯಾಗ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಆಗ ಉಪನ್ಯಾಸ ಬಿಸಿಲು ಇಳಿದ ಮೇಲೆ ಮಾಳಿಗೆ ಮೇಲೆ ಇಡ್ರಿ, ಸುಸಲಾ-ಮಿರ್ಚಿ ಕೊನೆಗೆ ಕೊಡ್ರಿ. ಮೊದಲೇ ಕೊಟ್ಟರೆ ತಿಂದು ಹೋಗಿಬಿಡ್ತಾರೆ.